ಬೀನ್ಸ್ ಬೇರುಕೊಳೆ ರೋಗವನ್ನು ಮಣ್ಣಿನ ಬ್ಯಾಕ್ಟೀರಿಯಾ ತಡೆಯಬಲ್ಲವೇ?

ಬೀನ್ಸ್ ಸಸಿ ಮೊಳೆತ ಕೆಲವೇ ದಿನಗಳಲ್ಲಿ ಬುಡದಲ್ಲಿ ಕೆಂಗಂದು ಮಚ್ಚೆ ಬಿದ್ದು, ಬೇರು ಕೊಳೆತು ಸಾಯುವುದಕ್ಕೆ ಹೆಚ್ಚಾಗಿ ರೈಜೋಕ್ಟೋನಿಯಾ, ಫ್ಯುಸೇರಿಯಂ ಮುಂತಾದ ಮಣ್ಣಿನ ಶಿಲೀಂಧ್ರಗಳೇ ಕಾರಣ. ಅವುಗಳನ್ನು ತಡೆಯಬಲ್ಲ ಬ್ಯಾಕ್ಟೀರಿಯಾಗಳೂ ಅದೇ ಮಣ್ಣಿನಲ್ಲಿವೆ. ಸೂಡೋಮೊನಾಸ್ ಫ್ಲೋರೆಸೆನ್ಸ್ ಮತ್ತು ಬ್ಯಾಸಿಲಸ್ ಸಬ್ಟಿಲಿಸ್ ಹೆಚ್ಚು ಬಳಕೆಯಲ್ಲಿವೆ.

ಬೇರು ಸ್ರವಿಸುವ ಸಕ್ಕರೆ, ಅಮೈನೋ ಆಮ್ಲಗಳನ್ನು ಉಂಡು ಇವು ಬೇರಿನ ಮೇಲೆಯೇ ನೆಲೆಯೂರುತ್ತವೆ. ತಡವಾಗಿ ಬಂದ ಶಿಲೀಂಧ್ರಕ್ಕೆ ಜಾಗವೂ ಕಡಿಮೆ, ಆಹಾರವೂ ಕಡಿಮೆ. ಸೂಡೋಮೊನಾಸ್ ಸಿಡೆರೋಫೋರ್ ಎಂಬ ವಸ್ತುವನ್ನು ಹೊರಬಿಟ್ಟು ಸುತ್ತಲಿನ ಕಬ್ಬಿಣದ ಅಂಶವನ್ನು ಶಿಲೀಂಧ್ರಕ್ಕೆ ಸಿಗದಂತೆ ತಾನೇ ಹೀರಿಕೊಳ್ಳುತ್ತದೆ. ಬ್ಯಾಸಿಲಸ್ ತಯಾರಿಸುವ ಲಿಪೋಪೆಪ್ಟೈಡ್‌ಗಳು ಶಿಲೀಂಧ್ರದ ಕೋಶಪೊರೆಯನ್ನೇ ಒಡೆಯುತ್ತವೆ. ಎಲ್ಲಕ್ಕಿಂತ ಸೋಜಿಗವೆಂದರೆ, ಬೇರಿನಲ್ಲಿ ಈ ಬ್ಯಾಕ್ಟೀರಿಯಾಗಳ ಸುಳಿವು ಸಿಕ್ಕ ಗಿಡ ಎಲೆಗಳವರೆಗೂ ತನ್ನ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತದೆ.

ಹಾಗಾಗಿ ಬಿತ್ತನೆಗೆ ಮೊದಲೇ ಬೀಜೋಪಚಾರ ಮಾಡಬೇಕು. ಸಾಮಾನ್ಯವಾಗಿ ಕಿಲೋ ಬೀಜಕ್ಕೆ 10 ಗ್ರಾಂ ಸೂಡೋಮೊನಾಸ್ ಪುಡಿಯನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುತ್ತಾರೆ. ತಾಮ್ರಯುಕ್ತ ಔಷಧಿಯ ಜೊತೆ ಬೆರೆಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಕೊಳೆತ ಬೇರನ್ನು ಇವು ಗುಣಪಡಿಸಲಾರವು. ನೀರು ನಿಲ್ಲುವ ಹೊಲದಲ್ಲಿ ಬಸಿಗಾಲುವೆ ತೆಗೆಯದೆ ಇವನ್ನಷ್ಟೇ ನಂಬಿ ಕೂರುವಂತಿಲ್ಲ.