ಶುಶ್ರೂಷೆ ಎಂಬ ಮಾತು

ಪ್ರತಿವರ್ಷ ತರಗತಿಯಲ್ಲಿ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಶಬ್ದಗಳ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ತಪ್ಪದೆ ಬರೆಯುವ ಮಾತುಗಳಲ್ಲಿ 'ಶುಶ್ರೂಷೆ' ಎಂಬುದೊಂದು. 'ಶ್ರು' ಎಂದರೆ ಕೇಳು. ಅದರ ಇಚ್ಛಾರ್ಥಕ ರೂಪದಿಂದ ಹುಟ್ಟಿದ್ದು ಶುಶ್ರೂಷಾ, ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಬಯಸಿ ಬಳಿಯಲ್ಲಿ ನಿಂತ ಶಿಷ್ಯನು ಅವನ ಸೇವೆಯನ್ನೂ ಮಾಡುತ್ತಿದ್ದನಾದುದರಿಂದ ಮಾತಿನ ಅರ್ಥ ಸೇವೆಯ ಕಡೆಗೆ ವಾಲಿತು. ಸೇವೆಯಿಂದ ರೋಗಿಯ ಆರೈಕೆಗೆ ಇಳಿದು ಬಂದಿತು. ಇಷ್ಟು ಹೇಳಿ, ಹುಡುಗರು ಬರೆದುಕೊಂಡರೆಂದು ಖಾತರಿ ಮಾಡಿಕೊಂಡು, ಮುಂದಿನ ಮಾತಿಗೆ ಹೋಗುವುದು ನನ್ನ ರೂಢಿ. ಆ ಮಾತಿನ ಮೂಲಾರ್ಥ ಎಂದಾದರೊಂದು ದಿನ ಆಸ್ಪತ್ರೆಯ ವಾರ್ಡಿನಲ್ಲಿ ನನ್ನನ್ನೇ ಹಿಡಿದು ನಿಲ್ಲಿಸೀತೆಂದು ನಾನು ಎಣಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅವರನ್ನು ಸೇರಿಸಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಂಥವು ಎಲ್ಲ ಊರುಗಳಲ್ಲಿಯೂ ಇವೆ. ಹನ್ನೊಂದು ರಾತ್ರಿ ನಾನು ಅವರ ಮಂಚದ ಪಕ್ಕದ ಬೆಂಚಿನ ಮೇಲೆ ಮಲಗಿದೆ. ಸುಮಾರು ಮೂವತ್ತು ಹಾಸಿಗೆಗಳ ಆ ವಾರ್ಡಿಗೆ ರಾತ್ರಿಯ ಹೊತ್ತು ಇದ್ದವಳು ಒಬ್ಬಳೇ ದಾದಿ. ಎರಡನೆಯ ರಾತ್ರಿ ತಂದೆಯವರಿಗೆ ನೋವು ಹೆಚ್ಚಿತು. ನಾನು ಕರೆದೆ; ಬರಲಿಲ್ಲ. ಮತ್ತೆ ಕರೆದೆ, 'ಬಂದೆ ಸರ್' ಎಂಬ ಉತ್ತರ ದೂರದ ಮೂಲೆಯಿಂದ ಬಂದಿತೇ ಹೊರತು ಅವಳು ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಂದು ಸೂಜಿಮದ್ದು ಕೊಟ್ಟು ಹೋದಳು. ಬೆಳಗಾದೊಡನೆ ನಾನು ವಾರ್ಡಿನ ಹಿರಿಯ ಸಿಸ್ಟರ ಬಳಿಗೆ ಹೋಗಿ, ಅಧ್ಯಾಪಕನಿಗೆ ಸಹಜವಾದ ಗಟ್ಟಿ ದನಿಯಲ್ಲಿ, ದೂರು ಕೊಟ್ಟೆ. ಆ ಹುಡುಗಿಯನ್ನು ಕರೆಸಿ ರೋಗಿಗಳ ಎದುರಿನಲ್ಲಿಯೇ ಗದರಿಸಿದರು. 'ತಪ್ಪಾಯಿತು ಸಿಸ್ಟರ್' ಎಂದಳು, ಬೇರೆ ಮಾತಾಡಲಿಲ್ಲ. ಮಧ್ಯಾಹ್ನ ಪಕ್ಕದ ಮಂಚದವರು ಹೇಳಿದರು: ಆ ಮುಕ್ಕಾಲು ಗಂಟೆ ಅವಳು ಕೊನೆಯ ಹಾಸಿಗೆಯ ಮುದುಕನ ಬಳಿ, ಪರದೆಯ ಹಿಂದೆ, ಇದ್ದಳಂತೆ. ಆತನಿಗೆ ಕಡೆಯ ಉಸಿರು. ನಂಟರೆಂಬುವರು ಯಾರೂ ಇರಲಿಲ್ಲ.

ಮರುದಿನ ರಾತ್ರಿ ಬಂದವಳು ತಂದೆಯವರ ದಿಂಬನ್ನು ಸರಿಪಡಿಸುತ್ತ, ನನ್ನ ಕಡೆ ನೋಡದೆ, 'ಸರ್, ನಾನು ಪಿಯುಸಿಯಲ್ಲಿ ನಿಮ್ಮ ಹತ್ತಿರವೇ ಕನ್ನಡ ಓದಿದ್ದು' ಎಂದಳು. ಶುಶ್ರೂಷೆಯ ವ್ಯುತ್ಪತ್ತಿಯನ್ನು ಅವಳೂ ಬರೆದುಕೊಂಡಿದ್ದಿರಬೇಕು. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಪಶ್ಚಾತ್ತಾಪಕ್ಕೆ ಅಧ್ಯಾಪಕರಾದವರು ಕಂಡುಕೊಂಡ ಪರಿಹಾರ ಪುಸ್ತಕ. ದಾದಿಯರ ಮನಸ್ಸನ್ನು ಕುರಿತು ಯಾರಾದರೂ ಬರೆದಿದ್ದಾರೆಯೆ ಎಂದು ಹುಡುಕುತ್ತ ಹೋದಾಗ ಮೊದಲು ದೊರೆತದ್ದು ಐಸಬೆಲ್ ಮೆಂಜೀಸ್ ಎಂಬಾಕೆಯ ಒಂದು ಪ್ರಬಂಧ. 1917ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈಕೆ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೂ ಮನಃಶಾಸ್ತ್ರವನ್ನೂ ಓದಿ, ಕೆಲಕಾಲ ಅಲ್ಲಿಯೇ ಅರ್ಥಶಾಸ್ತ್ರವನ್ನು ಬೋಧಿಸಿ, ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯನ್ನು ಸೇರಿದರು. ಮನೋವಿಶ್ಲೇಷಣೆಯಲ್ಲಿ ಶಿಕ್ಷಣ ಪಡೆದರು. ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯವರು ಆ ಸಂಸ್ಥೆಯ ನೆರವನ್ನು ಬೇಡಿದ್ದರು. ಅಲ್ಲಿ ಸುಮಾರು 700 ದಾದಿಯರು. ಅವರಲ್ಲಿ ಪೂರ್ತಿ ತರಬೇತಾದವರು 150ರಷ್ಟು, ಮಿಕ್ಕವರೆಲ್ಲ ಕಲಿಯುತ್ತಿದ್ದ ಹುಡುಗಿಯರು. ಈ ಕಲಿಯುವವರನ್ನೇ ದುಡಿಯುವವರನ್ನಾಗಿಯೂ ಬಳಸಬೇಕು, ಅವರ ಪಾಠವೂ ಕೆಡಬಾರದು; ಇದನ್ನು ಹೊಂದಿಸುವುದು ಹೇಗೆಂಬುದು ಆಸ್ಪತ್ರೆಯವರ ಪ್ರಶ್ನೆಯಾಗಿತ್ತು. ಮೆಂಜೀಸರು ಅದಕ್ಕೆ ಉತ್ತರ ಹುಡುಕಲು ಹೋಗಿ ಇನ್ನೊಂದನ್ನು ಕಂಡರು. ಸೇರಿದ ಹುಡುಗಿಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಶಿಕ್ಷಣ ಮುಗಿಸದೆ, ಬಹುಮಟ್ಟಿಗೆ ತಾವಾಗಿಯೇ, ಬಿಟ್ಟು ಹೋಗುತ್ತಿದ್ದರು.

1960ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಓದುವುದು ಒಂದು ಒಳ್ಳೆಯ ಕಾದಂಬರಿಯನ್ನು ಓದಿದಂತೆಯೇ ಸರಿ. ದಾದಿಯ ಕೆಲಸದ ಸ್ವರೂಪವೇನು? ಅನ್ಯರ ದೇಹವನ್ನು ಮುಟ್ಟಬೇಕು, ತೊಳೆಯಬೇಕು. ಅಸಹ್ಯವಾದುದನ್ನು ಅಸಹ್ಯಪಡದೆ ಮಾಡಬೇಕು. ಗುಣವಾಗಲಾರದವನ ಮುಂದೆ ಮುಗುಳುನಗಬೇಕು. ಸಾಯುವವನ ಬಳಿ ನಿಲ್ಲಬೇಕು. ರೋಗಿಯ ಮೇಲೆ ಮರುಕ, ಪ್ರೀತಿ, ಜೊತೆಗೆ ಒಳಗೊಳಗೇ ಸಿಟ್ಟು, ಜಿಗುಪ್ಸೆ, ಇವು ಏಕಕಾಲದಲ್ಲಿ ಏಳುತ್ತವೆ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಎದೆಯಲ್ಲಿ ಇಷ್ಟೆಲ್ಲ ಏಳುವಾಗ ಸಂಸ್ಥೆ ಮಾಡುವುದೇನು? ಏಳುವುದಕ್ಕೆ ಎಡೆಯೇ ಇಲ್ಲದಂತೆ ಕೆಲಸವನ್ನು ಕತ್ತರಿಸಿಬಿಡುತ್ತದೆ ಎಂಬುದು ಮೆಂಜೀಸರ ಉತ್ತರ. ಒಬ್ಬ ದಾದಿಗೆ ಒಬ್ಬ ರೋಗಿಯನ್ನು ಒಪ್ಪಿಸದೆ, ಮೂವತ್ತು ರೋಗಿಗಳಿಗೂ ಒಂದೇ ಬಗೆಯ ಕೆಲಸವನ್ನು ಹಂಚಿಬಿಡುವುದು: ಇವಳು ಎಲ್ಲರ ಜ್ವರ ನೋಡಬೇಕು, ಅವಳು ಎಲ್ಲರ ಹಾಸಿಗೆ ಸರಿಮಾಡಬೇಕು. ರೋಗಿಗೆ ಹೆಸರಿಲ್ಲ, 'ಹತ್ತನೆಯ ಹಾಸಿಗೆಯ ಪಿತ್ತಕೋಶ', 'ಹದಿನೈದನೆಯ ಹಾಸಿಗೆಯ ನ್ಯುಮೋನಿಯ'. ಒಂದು ವಾರ್ಡಿನಲ್ಲಿ ಮನಸ್ಸು ನೆಲೆಯೂರುವ ಹೊತ್ತಿಗೆ ಇನ್ನೊಂದು ವಾರ್ಡಿಗೆ ವರ್ಗ. ವೈದ್ಯರು ಬರುವ ಮುನ್ನ ಮುಖ ತೊಳೆಸಬೇಕೆಂಬ ಕಟ್ಟಳೆಗಾಗಿ, ಮಲಗಿದ್ದರೇ ಮೇಲೆಂದು ಎಲ್ಲರೂ ಬಲ್ಲ ರೋಗಿಗಳನ್ನು ನಸುಕಿನಲ್ಲಿಯೇ ಎಬ್ಬಿಸುವುದು. ಸಣ್ಣ ನಿರ್ಧಾರಕ್ಕೂ ಮೇಲಿನವರನ್ನು ಕೇಳುವುದು, ಅವರು ತಮ್ಮ ಮೇಲಿನವರನ್ನು ಕೇಳುವುದು. ತಪ್ಪಾದಾಗ ಕಾರಣವನ್ನು ಕೇಳದೆ ಗದರಿಸುವುದು. ಈ ಕೊನೆಯ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಮೆಂಜೀಸರ ನಿಜವಾದ ಕಾಣ್ಕೆ ಇದರ ಮುಂದೆ ಇದೆ. ಅಳಲಿನಿಂದ ಪಾರುಮಾಡಲೆಂದು ಯಾರೂ ಬೇಕೆಂದು ಯೋಚಿಸದೆಯೇ ಬೆಳೆದು ನಿಂತ ಈ ಕಟ್ಟಳೆಗಳು ಅಳಲನ್ನು ಕಡಮೆ ಮಾಡಲಿಲ್ಲ. ಅದನ್ನು ಎದುರಿಸಿ ಪಳಗುವ ಅವಕಾಶವನ್ನು ಮಾತ್ರ ಕಿತ್ತುಕೊಂಡವು. ರೋಗಿಯೊಬ್ಬನನ್ನು ಚೆನ್ನಾಗಿ ನೋಡಿಕೊಂಡೆನೆಂಬ ತೃಪ್ತಿಯೂ ಇದರಲ್ಲಿ ಕೊಚ್ಚಿಹೋಯಿತು. ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ಅಸಮರ್ಥರಲ್ಲ, ಹೆಚ್ಚು ಯೋಗ್ಯರಾದವರು. ದಾದಿಯರು ಹುಟ್ಟುತ್ತಾರೆ, ಅವರನ್ನು ತಯಾರಿಸಲಾಗದು ಎಂಬ ಹೆಮ್ಮೆಯ ನಂಬಿಕೆಯನ್ನೂ ಈಕೆ ಈ ರಕ್ಷಣೋಪಾಯಗಳ ಸಾಲಿನಲ್ಲಿಯೇ ಇಡುತ್ತಾರೆ. ನಾವು ಕನ್ನಡಿಗರೂ ಇದನ್ನು ಸ್ವಲ್ಪ ಯೋಚಿಸಬಹುದು. ದಾದಿಯನ್ನು ತ್ಯಾಗಮೂರ್ತಿಯೆಂದು ಹಾಡಿ ಹೊಗಳಿದರೆ ಅವಳಿಗೆ ಇನ್ನೊಬ್ಬ ಜೊತೆಗಾತಿಯನ್ನು ಕೊಡುವ ಖರ್ಚು ಉಳಿಯುತ್ತದೆ. ಮನೋವ್ಯಾಧಿಯಿಂದ ಗುಣಹೊಂದಿ ಮನೆಗೆ ಮರಳಿದ ಹೆಣ್ಣನ್ನು ಮನೆಯವರು ಹೇಗೆ ನೋಡುತ್ತಾರೆಂಬುದನ್ನು ತ್ರಿವೇಣಿಯವರು 'ಶರಪಂಜರ'ದಲ್ಲಿ ಬರೆದರು. ಮನಃಶಾಸ್ತ್ರವನ್ನು ಓದಿದ್ದ ಆ ಲೇಖಕಿಗೆ ಇನ್ನಷ್ಟು ಆಯುಸ್ಸಿದ್ದಿದ್ದರೆ ಆಸ್ಪತ್ರೆಯಲ್ಲಿ ಅಂಥವಳನ್ನು ನೋಡಿಕೊಂಡ ದಾದಿಯ ಕಡೆಗೂ ಅವರ ದೃಷ್ಟಿ ಹೊರಳುತ್ತಿತ್ತೋ ಏನೋ.

ಆದರೂ ಮೆಂಜೀಸರ ಪ್ರಬಂಧದಲ್ಲಿ ನನಗೊಂದು ಅತೃಪ್ತಿ ಉಳಿಯಿತು. ಅದರಲ್ಲಿ ಎಲ್ಲವೂ ಮನಸ್ಸಿನ ಒಳಗೆ ನಡೆಯುತ್ತದೆ. ಮೂವತ್ತು ಮಂಚಕ್ಕೆ ಒಬ್ಬಳೆಂಬುದು ಮನೋವಿಶ್ಲೇಷಣೆಯ ವಿಷಯವಲ್ಲ, ಬರಿಯ ಲೆಕ್ಕ. ಆ ಲೆಕ್ಕವನ್ನು ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡ ವಿದುಷಿ ಅಮೆರಿಕದ ಲಿಂಡಾ ಏಕನ್.

ಲೆಕ್ಕಕ್ಕೂ ದಾದಿಗೂ ನಂಟು ಹಳೆಯದು. ಕೈದೀಪದ ಚಿತ್ರದಿಂದಲೇ ನಮಗೆ ಪರಿಚಿತರಾದ ಫ್ಲಾರೆನ್ಸ್ ನೈಟಿಂಗೇಲರು ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ರೋಗಕ್ಕೆ ಹೆಚ್ಚು ಬಲಿಯಾದರೆಂಬುದನ್ನು ಅಂಕಿಗಳ ಚಿತ್ರ ಬರೆದು ತೋರಿಸಿದವರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಯುದ್ಧದಿಂದ ಮರಳಿದ ಮೇಲೆ ಅವರೇ ಬಹುಕಾಲ ಹಾಸಿಗೆ ಹಿಡಿದರೆಂಬುದನ್ನು ಮಾತ್ರ ಶಾಲೆಯ ಪಾಠಗಳು ಹೇಳುವುದಿಲ್ಲ.

ಏಕನ್ ಮೊದಲು ದಾದಿಯ ಶಿಕ್ಷಣ ಪಡೆದವರು. ಬಳಿಕ ಟೆಕ್ಸಸ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಡಾಕ್ಟರೇಟ್ ಗಳಿಸಿ, ಆರೋಗ್ಯಕ್ಕೆ ಸಂಬಂಧಿಸಿದ ಒಂದು ದೊಡ್ಡ ದತ್ತಿಸಂಸ್ಥೆಯಲ್ಲಿ ದುಡಿದು, 1980ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅವರು ಹಿಡಿದ ಪ್ರಶ್ನೆ ಕೇಳಲು ಸರಳ: ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಏನಾಗುತ್ತದೆ? 2002ರಲ್ಲಿ ಪ್ರಕಟಿಸಿದ ಸಂಶೋಧನೆಗಾಗಿ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳ 10,184 ದಾದಿಯರ ಉತ್ತರಗಳನ್ನೂ, ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಗಳನ್ನೂ ಅವರು ಮತ್ತು ಸಂಗಡಿಗರು ಜೋಡಿಸಿ ನೋಡಿದರು. ಹೆಚ್ಚುವ ಪ್ರತಿಯೊಬ್ಬ ರೋಗಿಗೂ, ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ನೂರಕ್ಕೆ 7ರಷ್ಟು ಏರುತ್ತಿತ್ತು. ದಾದಿಯ ಮನಸ್ಸು ಬಳಲಿ ಬತ್ತುವ ಸಂಭವ ನೂರಕ್ಕೆ 23ರಷ್ಟು ಏರುತ್ತಿತ್ತು. ಹಾಗೆ ಬತ್ತಿ, ಕೆಲಸದಲ್ಲಿ ಅತೃಪ್ತಿಯನ್ನೂ ಹೇಳಿದವರಲ್ಲಿ ನೂರಕ್ಕೆ 43 ಮಂದಿ ವರ್ಷದೊಳಗೆ ಆ ಕೆಲಸವನ್ನು ಬಿಡುವ ಯೋಚನೆಯಲ್ಲಿದ್ದರು. ಇವೆರಡೂ ಇಲ್ಲದವರಲ್ಲಿ ಅಂಥವರು ನೂರಕ್ಕೆ 11 ಮಾತ್ರ. 2014ರಲ್ಲಿ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ರೋಗಿಯ ಮರಣದ ಲೆಕ್ಕ ಅದೇ 7 ಆಗಿ ಬಂದಿತು.

ಇದು ಹೇಗೆ ಎಂದು ಓದುಗರು ಕೇಳಬಹುದು. ಔಷಧವನ್ನು ಗೊತ್ತುಮಾಡುವವರು ವೈದ್ಯರಲ್ಲವೆ? ನಿಜ. ಆದರೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ನಡುರಾತ್ರಿಯಲ್ಲಿ, ರೋಗಿಯ ಉಸಿರಾಟ ತುಸು ಬದಲಾದುದನ್ನು, ಮಾತು ತೊದಲಿದುದನ್ನು, ಅಂಗೈ ತಣ್ಣಗಾದುದನ್ನು ಮೊದಲು ಅರಿಯಬೇಕಾದವಳು ದಾದಿ. ಅವಳು ಅರಿತು ಕರೆದರೆ ಮಾತ್ರ ವೈದ್ಯರು ಬರುವುದು. ಅರಿಯಲು ಬಳಿಯಲ್ಲಿರಬೇಕು, ಬಳಿಯಿದ್ದರೂ ಮನಸ್ಸು ಅಲ್ಲಿರಬೇಕು. ಶುಶ್ರೂಷೆಯ ಧಾತು ಪುಸ್ತಕದಿಂದ ಎದ್ದು ಬಂದದ್ದು ಇಲ್ಲಿ.

ಈ ಬತ್ತುವಿಕೆಯನ್ನು ಅಳೆಯುವ ಉಪಾಯವೂ ಒಬ್ಬ ವಿದುಷಿಯದೇ. ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಕಾರ್ಯಕರ್ತರಲ್ಲಿಯೂ ತನ್ನಲ್ಲಿಯೂ ಕಂಡುದನ್ನು 1974ರಲ್ಲಿ 'ಉರಿದುಹೋಗುವುದು' ಎಂಬ ಅರ್ಥದ ಹೆಸರಿನಿಂದ ಕರೆದ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಅದಕ್ಕೊಂದು ಪ್ರಶ್ನಾವಳಿಯನ್ನು ರಚಿಸಿದರು. ಭಾವ ಬರಿದಾಗುವುದು, ಎದುರಿನವರು ಮನುಷ್ಯರೆನ್ನಿಸದಿರುವುದು, ತನ್ನಿಂದ ಏನೂ ಆಗಲಿಲ್ಲವೆನ್ನಿಸುವುದು, ಈ ಮೂರು ಅದರ ಲಕ್ಷಣಗಳು. ನಡುವಿನದು ಮೆಂಜೀಸರ 'ಹತ್ತನೆಯ ಹಾಸಿಗೆಯ ಪಿತ್ತಕೋಶ'ವೇ ಅಲ್ಲವೆ? ಒಬ್ಬರು ಅದನ್ನು ಸಂಸ್ಥೆಯ ಕಟ್ಟಳೆಯಲ್ಲಿ ಕಂಡರು, ಇನ್ನೊಬ್ಬರು ವ್ಯಕ್ತಿಯ ಎದೆಯಲ್ಲಿ ಅಳೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು. ಆ ವಿವೇಕ ನನಗೆ ಮೆಚ್ಚುಗೆಯಾಯಿತು. ರೋಗವೆಂದುಬಿಟ್ಟರೆ ಮದ್ದು ಕುಡಿಯಬೇಕಾದವಳು ಮತ್ತೆ ದಾದಿಯೇ.

ಕನ್ನಡದಲ್ಲಿ ಇದಕ್ಕೆ ಏನೆನ್ನೋಣ? ಬಳಲಿಕೆ ಎಂದರೆ ಒಂದು ರಾತ್ರಿಯ ನಿದ್ದೆಯಿಂದ ಹೋಗುವಂಥದು. ಬೇಸರವೆಂದರೆ ತೀರ ಹಗುರ. ನಮ್ಮ ಹೆಂಗಸರು 'ಸೋತು ಸುಣ್ಣವಾದೆ' ಎನ್ನುತ್ತಾರೆ. ಸುಣ್ಣವಾಗಬೇಕಾದರೆ ಕಲ್ಲು ಗೂಡಿನಲ್ಲಿ ಬೇಯಬೇಕು. ಆಕಾರ ಹಾಗೆಯೇ ಇದ್ದು ಒಳಗಿನ ಗಟ್ಟಿತನ ಹೋಗಿರುತ್ತದೆ. ನಾಣ್ಣುಡಿ ಅಲ್ಲಿಂದಲೇ ಬಂದಿತೆಂದು ನಾನು ಪಣ ತೊಡಲಾರೆ. ವಿದ್ವಾಂಸರು ಬೇರೆ ಹೇಳಿಯಾರು. ಬೆಂದದ್ದಂತೂ ನಿಜ.

ಲೆಕ್ಕದಿಂದ ಪ್ರಯೋಜನವೂ ಆಗಿದೆ. ಒಬ್ಬ ದಾದಿಗೆ ಇಷ್ಟೇ ರೋಗಿಗಳೆಂದು ಕ್ಯಾಲಿಫೋರ್ನಿಯ ರಾಜ್ಯ 1999ರಲ್ಲಿ ಕಾನೂನು ಮಾಡಿ 2004ರಿಂದ ಆಚರಣೆಗೆ ತಂದಿತು. ಅಲ್ಲಿಯ ಸಾಮಾನ್ಯ ವಾರ್ಡಿನಲ್ಲಿ 2005ರಿಂದ ಆ ಮಿತಿ ಐವರು. ನಮ್ಮಲ್ಲಿಯೂ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮಗಳು ಕಾಗದದ ಮೇಲೆ ಇದಕ್ಕಿಂತ ಕಡಮೆಯವೇನಲ್ಲ. ಮೂವತ್ತು ಮಂಚಗಳ ಆ ವಾರ್ಡಿನ ಗೋಡೆಯ ಮೇಲೆ ಮೌನ ಪಾಲಿಸಿರೆಂಬ ಫಲಕವಿತ್ತು. ಆ ನಿಯಮದ ಫಲಕ ನನಗೆ ಕಾಣಲಿಲ್ಲ.

ಎರಡು ವರ್ಷಗಳ ತರುವಾಯ, ಒಂದು ಸಂಜೆ, ಬಸ್ಸು ನಿಲ್ದಾಣದಲ್ಲಿ ಆ ಹುಡುಗಿ ಎದುರಾದಳು. ದಾದಿಯ ಕೆಲಸವನ್ನು ಬಿಟ್ಟು ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳಂತೆ. ಸಂಬಳ ಹೆಚ್ಚೇನಲ್ಲ, ರಾತ್ರಿ ನಿದ್ದೆ ಬರುತ್ತದೆ ಸರ್, ಎಂದಳು. ಅಂದು ಬೆಳಗ್ಗೆ ನಾನು ದೂರು ಕೊಟ್ಟದ್ದು ತಪ್ಪು, ವಿಚಾರಿಸದೆ ಮಾತಾಡಿಬಿಟ್ಟೆನಮ್ಮ, ಎಂದೆ. ಎರಡು ವರ್ಷ ಬಾಯಿಪಾಠ ಮಾಡಿಕೊಂಡಿದ್ದ ಮಾತು ಅದು. ಹೇಳುವಾಗ ಅರ್ಧಕ್ಕೆ ತಡವರಿಸಿತು. ಅವಳಿಗೆ ಆ ಬೆಳಗು ನೆನಪಿಗೇ ಬರಲಿಲ್ಲ. ಅಂಥವು ಬಹಳ ಇದ್ದುವು ಸರ್, ಎಂದು ನಕ್ಕಳು. ಕೊನೆಯ ಹಾಸಿಗೆಯ ಮುದುಕನ ಹೆಸರು, ಆತನ ಊರು, ಆತ ಕೊನೆಯಲ್ಲಿ ನೀರು ಕೇಳಿದ್ದು, ಇವು ನೆನಪಿದ್ದುವು. ಆ ಊರಿಗೆ ಕಾಗದ ಬರೆದು ತಿಳಿಸಿದ್ದಳಂತೆ, ಯಾರೂ ಬಂದಿರಲಿಲ್ಲ.

ಬಸ್ಸು ಬಂದಿತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, 'ತಾತ ಈಗ ಕೋಲಿಲ್ಲದೆ ನಡೆಯುತ್ತಾರಾ ಸರ್?' ಎಂದು ಕೇಳಿದಳು. ಅಂಗಳದವರೆಗೆ ನಡೆಯುತ್ತಾರೆ, ಎಂದೆ. ಎಡಗಾಲನ್ನು ಎಳೆಯಲು ಬಿಡಬೇಡಿ ಎಂದು ಹೇಳಿ ಒಳಗೆ ಹೋದಳು.