ಮುಚ್ಚಿಟ್ಟ ಗುಳಿಗೆ

ಮೂರ್ಛೆರೋಗಕ್ಕೆ ಹೆದರಿದಷ್ಟು ನಮ್ಮ ಜನ ಬೇರಾವ ವ್ಯಾಧಿಗೂ ಹೆದರಿದ್ದನ್ನು ನಾನು ಕಾಣೆ. ಜ್ವರ ಬಂದವನನ್ನು ಎತ್ತಿ ಮಲಗಿಸುವ ಕೈಗಳೇ ಮೂರ್ಛೆ ಬಂದು ಬಿದ್ದವನಿಂದ ಹಿಂದೆ ಸರಿಯುತ್ತವೆ. ಇಲ್ಲವೆ ಅವನ ಮುಷ್ಟಿಯಲ್ಲಿ ಬೀಗದಕೈಯನ್ನು ತುರುಕುತ್ತವೆ. ತುಮಕೂರಿನ ಬಸ್ ನಿಲ್ದಾಣದಲ್ಲಾಗಲಿ, ಗುಬ್ಬಿಯ ಸಂತೆಯಲ್ಲಾಗಲಿ, ಕುಣಿಗಲ್ಲಿನ ಕೆರೆಯ ಏರಿಯ ಮೇಲಾಗಲಿ ಈ ನೋಟ ಒಂದೇ. ಮಿದುಳಿನ ನರಕೋಶಗಳಲ್ಲಿ ಒಮ್ಮೆಲೇ ಹೊಮ್ಮುವ ಅತಿಯಾದ ವಿದ್ಯುತ್ ಸಂಚಾರ ಇದಕ್ಕೆ ಕಾರಣ. ದೆವ್ವವಲ್ಲ, ಪಾಪವಲ್ಲ, ಅಂಟುಜಾಡ್ಯವಂತೂ ಅಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಬೀಗದಕೈಗೆ ಸಲ್ಲುತ್ತದೆ.

ಈ ರೋಗಕ್ಕೆ ಮದ್ದಿಲ್ಲವೆಂದಲ್ಲ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯನ್ನು 1968ರಲ್ಲಿಯೇ ವರದಿಮಾಡಿದ ನರರೋಗತಜ್ಞ ಡಾ. ಕೆ. ಎಸ್. ಮಣಿಯವರು, ಮುಂದೆ ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿಗೆ ಸಂಗಡಿಗರೊಡನೆ ಚಿಕಿತ್ಸೆಯನ್ನೇ ಕೊಂಡೊಯ್ದರು. ಫೀನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಿಗಳಿಂದಲೇ ಹಳ್ಳಿಯಲ್ಲಿಯೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬುದನ್ನು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಬೇಗ ಚಿಕಿತ್ಸೆಗೆ ಬಂದವರಿಗೆ ಗುಣವೂ ಹೆಚ್ಚು. ಹಾಗಿದ್ದೂ ಗುಳಿಗೆ ಹೊಟ್ಟೆಯನ್ನು ಸೇರದಿದ್ದರೆ ವೈದ್ಯಶಾಸ್ತ್ರ ತಾನೆ ಏನು ಮಾಡೀತು?

ಕುಣಿಗಲ್ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುಬ್ಬಿಯ ಕಡೆಗೆ ಸೊಸೆಯಾಗಿ ಹೋದಳು. ತವರಿನವರು ರೋಗದ ಸುದ್ದಿ ಎತ್ತಲಿಲ್ಲ. ಗುಳಿಗೆ ಸೀರೆಯ ಮಡಿಕೆಯಲ್ಲಿ ಅಡಗಿತು. ಅತ್ತೆಯ ಕಣ್ಣು ತಪ್ಪಿಸಲಾಗದ ದಿನ ನುಂಗುವುದು ತಪ್ಪುತ್ತಿತ್ತು. ಹಾಗೆ ತಪ್ಪಿದ ಒಂದು ವಾರದಲ್ಲಿ ಅವಳು ಒಲೆಯ ಮುಂದೆಯೇ ಬಿದ್ದು ಮುಂಗೈ ಸುಟ್ಟುಕೊಂಡಳು. ತುಮಕೂರಿನಲ್ಲಿ ಅವಳನ್ನು ನೋಡಿದ ನರವೈದ್ಯರು ಔಷಧಿಯನ್ನು ಬದಲಿಸಲಿಲ್ಲ. ಹೊರಗೆ ಮುಖ ಬಿಗಿದು ಕುಳಿತಿದ್ದ ಅತ್ತೆಯನ್ನು ಒಳಗೆ ಕರೆದರು.

“ತಾಯಿ, ನೀವು ರಕ್ತದೊತ್ತಡಕ್ಕೆ ಗುಳಿಗೆ ನುಂಗುತ್ತೀರಾ?”

“ದಿನಾ ನುಂಗ್ತೀನಿ ಸ್ವಾಮಿ.”

“ಯಾರಿಂದ ಮುಚ್ಚಿಟ್ಟು?”

ಆಕೆ ಮಾತನಾಡಲಿಲ್ಲ. “ಇದೂ ಅಂಥದೇ. ಎರಡನ್ನೂ ಒಂದೇ ಡಬ್ಬಿಯಲ್ಲಿಡಿ,” ಎಂದರು ವೈದ್ಯರು. ಬಳಿಕ ಸೊಸೆಗೆ ನಿದ್ದೆ ಕೆಡಬಾರದೆಂದೂ, ಕೆರೆ ಬಾವಿಗಳಿಗೆ ಒಬ್ಬಳೇ ಹೋಗಬಾರದೆಂದೂ, ಬಸಿರಾಗುವ ಮೊದಲೇ ಬಂದು ಕೇಳಬೇಕೆಂದೂ ಇಬ್ಬರಿಗೂ ಕೂಡಿಸಿ ಹೇಳಿದರು. ಬರೆದ ಚೀಟಿಗಿಂತ ಆಡಿದ ಮಾತೇ ಹೆಚ್ಚು. ಆ ಮಾತೂ ಚಿಕಿತ್ಸೆಯೇ ಎಂದು ನನಗೆ ಅಂದು ಮನದಟ್ಟಾಯಿತು.

ಕಾಯಿದೆ ಈ ವಿಷಯದಲ್ಲಿ ನಮ್ಮ ಮನಸ್ಸಿಗಿಂತ ಮುಂದಿದೆ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯೊಳಗೆ ಸೇರಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರವೆಂಬ ಮಾತನ್ನು 1999ರಲ್ಲಿ ತೆಗೆದುಹಾಕಲಾಯಿತು. ಜನರ ನಾಲಗೆಯಿಂದ ಅದಿನ್ನೂ ಇಳಿದಿಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಅರಿಕೆ. ತರಗತಿಯಲ್ಲಿ ಮಗುವೊಂದು ಮೂರ್ಛೆಯಿಂದ ಬಿದ್ದರೆ ಸುತ್ತಲಿನ ಬೆಂಚುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನನ್ನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿರಿ. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿರಿ; ಕೈಕಾಲು ಅದುಮಬೇಡಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಮಗು ಎಚ್ಚರಗೊಂಡ ಮೇಲೆ ಅದನ್ನು ಮತ್ತೆ ಅದರ ಜಾಗದಲ್ಲಿಯೇ, ಗೆಳೆಯರ ನಡುವೆಯೇ ಕೂರಿಸಿರಿ. ಅಲ್ಲಿ ಕೂತು ಬೆಳೆದ ಹುಡುಗಿ ನಾಳೆ ಗುಳಿಗೆಯನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಡಲಾರಳು.