ಶಾಲೆಯ ಆರೋಗ್ಯ ಸರ್ವೆ ಮಕ್ಕಳಿಗೆ ಕೆಟ್ಟದ್ದನ್ನು ಕಲಿಸುತ್ತದೆಯೇ?

“ಸರ್ವೆ ಹೆಸರಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಿಗರೇಟು, ಕುಡಿತದ ಬಗ್ಗೆ ಕೇಳ್ತಿದ್ದಾರೆ. ಗೊತ್ತಿಲ್ಲದ್ದನ್ನೂ ಕಲಿಸ್ತಾರೆ. ಸಹಿ ಹಾಕಬೇಡಿ. ಎಲ್ಲ ಪೋಷಕರಿಗೂ ಕಳಿಸಿ.”

ಪಟ್ಟಂದೂರು ಅಗ್ರಹಾರದ ತಾಯಿಯೊಬ್ಬರು ಈ ಮೆಸೇಜನ್ನು ನಮಗೆ ಕಳಿಸಿ, “ಮಗಳು ಒಂಬತ್ತನೇ ಕ್ಲಾಸ್. ಒಪ್ಪಿಗೆ ಪತ್ರ ಮನೆಗೆ ಬಂದಿದೆ. ಏನು ಮಾಡಲಿ?” ಎಂದು ಕೇಳಿದರು. ಅವರ ಅಳುಕು ಸಹಜ. ಒಂದೊಂದಾಗಿ ನೋಡೋಣ.

ಏನೇನು ಕೇಳುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಸಿಡಿಸಿ ಸೇರಿ ರೂಪಿಸಿದ ಶಾಲಾ ಆರೋಗ್ಯ ಸಮೀಕ್ಷೆ ಹಲವು ದೇಶಗಳಲ್ಲಿ ನಡೆದಿದೆ. ಭಾರತದಲ್ಲಿ 2007ರಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ ನಡೆಯಿತು. ಹಣ್ಣು ತರಕಾರಿ ತಿನ್ನುತ್ತೀರಾ, ಕೈ ತೊಳೆಯುತ್ತೀರಾ, ವಾರದಲ್ಲಿ ಎಷ್ಟು ದಿನ ಆಟ ಆಡುತ್ತೀರಿ, ಯಾರಾದರೂ ಪೀಡಿಸುತ್ತಾರಾ ಎಂಬಂಥ ಪ್ರಶ್ನೆಗಳೂ ಇಂಥ ಸಮೀಕ್ಷೆಯಲ್ಲಿರುತ್ತವೆ. ತಂಬಾಕು, ಮದ್ಯ ಅದರ ಒಂದು ಭಾಗ ಮಾತ್ರ.

ಕೇಳಿದರೆ ಕಲಿಯುತ್ತಾರೆಯೇ?

ಎಲ್ಲರೂ ಅತಿ ಹೆಚ್ಚು ಹೆದರುವುದು ಆತ್ಮಹತ್ಯೆಯ ಕುರಿತ ಪ್ರಶ್ನೆಗೆ. ಹಾಗೆ ಕೇಳಿದರೆ ಆ ಯೋಚನೆ ಹೆಚ್ಚುತ್ತದೆಯೇ ಎಂದು 13 ಸಂಶೋಧನಾ ಲೇಖನಗಳನ್ನು ಪರಿಶೀಲಿಸಿದ ವರದಿಯೊಂದು 2014ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಾಗಲಿ, ಹದಿಹರೆಯದವರಲ್ಲಾಗಲಿ ಗಮನಾರ್ಹ ಹೆಚ್ಚಳ ಕಂಡುಬರಲಿಲ್ಲ. ಇನ್ನು ಸಿಗರೇಟು, ಗುಟ್ಕಾ ಎಂಬ ಹೆಸರುಗಳನ್ನು ಮಕ್ಕಳು ಮೊದಲ ಸಲ ಕೇಳುವುದು ಪ್ರಶ್ನೆಪತ್ರಿಕೆಯಲ್ಲಲ್ಲ. ಬೀದಿ ತುದಿಯ ಅಂಗಡಿ ದಿನಾ ಕಣ್ಣಿಗೆ ಬೀಳುತ್ತದೆ.

ಮಕ್ಕಳು ನಿಜ ಹೇಳುತ್ತಾರೆಯೇ?

ಎಲ್ಲರೂ ಹೇಳುವುದಿಲ್ಲ. ಅದಕ್ಕೇ ಉತ್ತರದ ಹಾಳೆಯಲ್ಲಿ ಹೆಸರು ಇರುವುದಿಲ್ಲ. “ಅಭ್ಯಾಸ ಇದೆಯಾ?” ಎನ್ನುವ ಬದಲು “ಕಳೆದ 30 ದಿನಗಳಲ್ಲಿ ಎಷ್ಟು ದಿನ?” ಎಂದು ಕೇಳುತ್ತಾರೆ. ಯುರೋಪಿನಲ್ಲಿ 1995ರಿಂದ ನಡೆಯುತ್ತಿರುವ ಶಾಲಾ ಸಮೀಕ್ಷೆಯೊಂದು ‘ರೆಲೆವಿನ್’ ಎಂಬ ಮಾದಕವಸ್ತುವಿನ ಬಗ್ಗೆಯೂ ಕೇಳಿದೆ. ಅಂಥ ವಸ್ತುವೇ ಇಲ್ಲ! ‘ತೆಗೆದುಕೊಂಡಿದ್ದೇನೆ’ ಎಂದವರು ಜಂಬಕ್ಕೆ ಬರೆಯುತ್ತಿದ್ದಾರೆ ಎಂದು ಹಿಡಿಯಲು ಅದೊಂದು ಉಪಾಯ.

ಯಾರನ್ನು ಕೇಳಿದರು?

ಪಟ್ಟಂದೂರು ಅಗ್ರಹಾರವನ್ನೇ ನೋಡಿ. ಐಟಿಪಿಎಲ್ ಸುತ್ತ ಅಪಾರ್ಟ್‌ಮೆಂಟ್‌ಗಳೂ ಇವೆ, ಹಳೇ ಊರಿನ ಮನೆಗಳೂ ಇವೆ, ಕಟ್ಟಡ ಕೆಲಸಕ್ಕೆ ಬಂದವರ ಶೆಡ್‌ಗಳೂ ಇವೆ. ಒಂದು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಪೋಲ್ ಹಾಕಿ “ವೈಟ್‌ಫೀಲ್ಡ್ ಮಕ್ಕಳು ಹೀಗಿದ್ದಾರೆ” ಎಂದರೆ ಉಳಿದವರ ಮಕ್ಕಳು ಲೆಕ್ಕಕ್ಕೇ ಬರುವುದಿಲ್ಲ. ಸರಿಯಾದ ಸಮೀಕ್ಷೆಯಲ್ಲಿ ಶಾಲೆಯನ್ನೂ ತರಗತಿಯನ್ನೂ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ.

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಹೀಗೆ ಭಾರತದ 987 ಶಾಲೆಗಳನ್ನು ತಲುಪಿತು. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2. ನಮ್ಮದು ಒಳ್ಳೆಯ ಅಂಕಿ. ಆದರೆ ಇದು ಶಾಲೆಗೆ ಹೋಗುವ ಮಕ್ಕಳದ್ದು. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದವರು ಇದರಲ್ಲಿಲ್ಲ. 2007ರ ಅಂಕಿಗಳೂ ಅಷ್ಟೆ, ಸ್ಟೇಟ್ ಸಿಲಬಸ್ ಮಕ್ಕಳ ಬಗ್ಗೆ ಏನೂ ಹೇಳುವುದಿಲ್ಲ.

ಸಹಿ ಹಾಕುವ ಮುನ್ನ

ಎಲ್ಲ ಸರ್ವೆಗಳನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಇಷ್ಟು ಕೇಳಿ:

• ನಡೆಸುತ್ತಿರುವವರು ಯಾರು? ನೈತಿಕ ಸಮಿತಿಯ ಅನುಮತಿ ಇದೆಯೇ?
• ಪ್ರಶ್ನೆಪತ್ರಿಕೆಯನ್ನು ಮೊದಲೇ ತೋರಿಸುತ್ತಾರೆಯೇ?
• ಉತ್ತರಗಳನ್ನು ಯಾರು ನೋಡುತ್ತಾರೆ?
• ಇಷ್ಟವಿಲ್ಲದ ಪ್ರಶ್ನೆಯನ್ನು ಮಗು ಬಿಡಬಹುದೇ?

ಹೆಸರಿಲ್ಲದ ಸರ್ವೆ ಎನ್ನುತ್ತಲೇ ಮಗುವಿನ ಹೆಸರು, ಆಧಾರ್, ನಿಮ್ಮ ಫೋನ್ ನಂಬರ್, ಒಟಿಪಿ ಕೇಳುವ ಲಿಂಕ್ ಬಂದರೆ ಮುಟ್ಟಬೇಡಿ. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಕೇಳದೆ ಬಿಟ್ಟರೆ ನಷ್ಟ ಯಾರಿಗೆ?

2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ 10ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 40ರಷ್ಟು, ಹುಡುಗರಲ್ಲಿ ಶೇ 18ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡಿತು. ಮನೆಯವರು ಒಪ್ಪಿದ್ದರಿಂದಲೇ ರಕ್ತಪರೀಕ್ಷೆ ನಡೆದು ಈ ಅಂಕಿ ಸಿಕ್ಕಿದ್ದು. ಎಷ್ಟು ಮಕ್ಕಳಿಗೆ ತೊಂದರೆ ಇದೆ ಎಂದೇ ಗೊತ್ತಿಲ್ಲದಿದ್ದರೆ ಮಾತ್ರೆ ಎಷ್ಟು ಬೇಕು, ಯಾವ ವಯಸ್ಸಿನವರಿಗೆ ಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಆ ತಾಯಿಗೆ ನಾವು ಹೇಳಿದ್ದೂ ಇಷ್ಟೇ: ಪ್ರಶ್ನೆಪತ್ರಿಕೆ ತರಿಸಿಕೊಳ್ಳಿ, ಮಗಳ ಜೊತೆ ಕೂತು ಓದಿ, ಅವಳಿಗೆ ಇಷ್ಟವಿದೆಯೇ ಕೇಳಿ, ಆಮೇಲೆ ತೀರ್ಮಾನಿಸಿ. ಆ ಮೆಸೇಜನ್ನು ಮಾತ್ರ ಮುಂದೆ ಕಳಿಸಬೇಡಿ.